ಐದು ಕಟ್ಟಡ, ಹದಿನೇಳು ಮಹಡಿ, ಒಂದು ನಕ್ಷೆ

(ಮೈಸೂರಿನಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ)

"ರಕ್ತ ಪರೀಕ್ಷೆ ಎಲ್ಲಿ ಸಾರ್?" ಎಂದು ದೊಡ್ಡ ಆಸ್ಪತ್ರೆಯ ಗೇಟಿನಲ್ಲಿ ಕೇಳಿದರೆ ಸೆಕ್ಯೂರಿಟಿಯವರು ಹೇಳುವುದು ಹೀಗೆ: "ಹಿಂದಿನ ಬ್ಲಾಕಿಗೆ ಹೋಗಿ, ಒಂದು ಮಹಡಿ ಹತ್ತಿ, ಎಡಗಡೆ ಮೂರನೇ ಬಾಗಿಲು." ಕಟ್ಟಡ, ಮಹಡಿ, ಹತ್ತುವ ದಾರಿ, ಬಾಗಿಲು ಎಲ್ಲವೂ ಆ ಒಂದು ಮಾತಿನಲ್ಲಿ ಕ್ರಮವಾಗಿ ಬಂದುಬಿಡುತ್ತವೆ. ಒಳಾಂಗಣ ನಕ್ಷೆಯ ದತ್ತಾಂಶವನ್ನೂ ಅದೇ ಕ್ರಮದಲ್ಲಿ ಜೋಡಿಸಬೇಕು. ಸಾಮಾನ್ಯವಾಗಿ ನಡೆಯುವುದು ಇದರ ಉಲ್ಟಾ. ಮೊದಲು ಚಿತ್ರ, ಬಣ್ಣ, ಐಕಾನುಗಳು ಆಗುತ್ತವೆ. ಯಾವ ಕೋಣೆ ಯಾವ ಮಹಡಿಗೆ ಸೇರಿದ್ದು, ಯಾವ ಮಹಡಿಯಿಂದ ಯಾವುದಕ್ಕೆ ದಾರಿಯಿದೆ ಎಂಬುದು ಕೊನೆಗೆ ಉಳಿಯುತ್ತದೆ. ಒಂದೇ ಕಟ್ಟಡವಾದರೆ ಹೇಗೋ ನಡೆದುಹೋಗುತ್ತದೆ. ಎರಡನೇ ಕಟ್ಟಡ ಸೇರಿದ ಕೂಡಲೇ ಗೋಜಲು ಶುರು.

ಮಾತಿಗೆ ಒಂದು ಕಾಲ್ಪನಿಕ ಆಸ್ಪತ್ರೆ ಆವರಣ ಇಟ್ಟುಕೊಳ್ಳೋಣ. ಎ ಬ್ಲಾಕಿಗೆ ನೆಲಮಾಳಿಗೆ ಸೇರಿ ನಾಲ್ಕು ಮಹಡಿ, ಬಿಗೆ ನಾಲ್ಕು, ಸಿಗೆ ಮೂರು, ಡಿಗೆ ಐದು. ಇ ಬ್ಲಾಕು ಒಂದೇ ಅಂತಸ್ತಿನ ಹೆಂಚಿನ ಕಟ್ಟಡ. ಒಟ್ಟು ಹದಿನೇಳು. ಜಾಗ ಇಳಿಜಾರಿನಲ್ಲಿದೆ. ಹಳೇ ದಪ್ಪ ಗೋಡೆಯ ಕಟ್ಟಡಕ್ಕೆ ಹೊಸ ಕಾಂಕ್ರೀಟ್ ಬ್ಲಾಕನ್ನು ಸೇತುವೆಯ ಹಾಗೆ ಒಂದು ಕಾರಿಡಾರ್ ಹಾಕಿ ಜೋಡಿಸಿದ್ದಾರೆ.

ಇಂಥದ್ದಕ್ಕೆ ಹೊಸ ಮಾದರಿ ಕಂಡುಹಿಡಿಯುವ ಕೆಲಸವಿಲ್ಲ. ಇಂಡೋರ್ ಮ್ಯಾಪಿಂಗ್ ಡೇಟಾ ಫಾರ್ಮ್ಯಾಟ್, ಅಂದರೆ ಐಎಂಡಿಎಫ್, ಆ್ಯಪಲ್ ಕಂಪನಿ ರೂಪಿಸಿದ್ದು. 2021ರಲ್ಲಿ ನಕ್ಷೆ ದತ್ತಾಂಶಕ್ಕೆ ಮಾನಕ ರೂಪಿಸುವ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ ಅದನ್ನು ಸಮುದಾಯ ಮಾನಕವಾಗಿ ಅಂಗೀಕರಿಸಿತು. ಹೊರಗೆ ಒಂದು ಜಿಪ್, ಒಳಗೆ ಜಿಯೋಜೇಸನ್ ಕಡತಗಳು (ವಸ್ತುವಿನ ಆಕಾರ, ಜಾಗ, ಹೆಸರನ್ನು ಪಠ್ಯವಾಗಿ ಬರೆದಿಡುವ ರೂಪ), ಅಷ್ಟೇ. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ಸಿಂಪಲ್ ಇಂಡೋರ್ ಟ್ಯಾಗಿಂಗ್ ಎಂಬ ಹಗುರವಾದ ಪದ್ಧತಿಯಿದೆ; ಕೋಣೆ, ಕಾರಿಡಾರು, ಬಾಗಿಲಿಗೆ ಒಂದೊಂದು ಟ್ಯಾಗು ಹಾಕಿ, ಮಹಡಿಯ ಸಂಖ್ಯೆ ಬರೆದರೆ ಮುಗಿಯಿತು. ಬಸ್ ನಿಲ್ದಾಣ, ಗ್ರಂಥಾಲಯಕ್ಕೆ ಅದು ಸಾಕು. ವಿಭಾಗಗಳು ಆಗಾಗ ಜಾಗ ಬದಲಿಸುವ ಆವರಣಕ್ಕೆ ಮಾತ್ರ ಐಎಂಡಿಎಫ್ ರಚನೆಯೇ ಮೇಲು. ಆ್ಯಪಲ್ ನಕ್ಷೆಗೆ ಕೊಡುವ ಉದ್ದೇಶ ಇಲ್ಲದಿದ್ದರೂ ಸರಿ, ರಚನೆಯನ್ನು ಹಾಗೇ ತೆಗೆದುಕೊಳ್ಳಿ.

ಅದರ ಮೇಲ್ತುದಿಯಲ್ಲಿರುವುದು ವೆನ್ಯೂ, ಅಂದರೆ ಇಡೀ ಆವರಣ. ಅದರೊಳಗೆ ಬಿಲ್ಡಿಂಗ್. ಕಟ್ಟಡದ ತಳದ ಗೆರೆ ಫುಟ್‌ಪ್ರಿಂಟ್. ಆಮೇಲೆ ಲೆವೆಲ್, ಅದರಲ್ಲಿ ಯೂನಿಟ್ ಎಂಬ ಕೋಣೆ, ಕಾರಿಡಾರು, ಲಿಫ್ಟು, ಶೌಚಾಲಯ. ಎರಡು ಯೂನಿಟ್ಟಿನ ನಡುವಿನ ಬಾಗಿಲು ಓಪನಿಂಗ್. ಮಹಡಿಯಿಂದ ಮಹಡಿಗೆ ಕೊಂಡಿ ಹಾಕುವುದು ರಿಲೇಷನ್‌ಶಿಪ್. ಡ್ರಾಫ್ಟ್ಸ್‌ಮನ್‌ಗಳಿಗೆ ಇಲ್ಲಿ ಮೊದಲ ಗೊಂದಲ ಬರುತ್ತದೆ, ಏಕೆಂದರೆ ಅವರಿಗೆ ಮಹಡಿಗೊಂದು ಕಡತ ಇಡುವ ರೂಢಿ. ಇಲ್ಲಿ ಹಾಗಲ್ಲ: ಹದಿನೇಳೂ ಮಹಡಿಗಳ ಎಲ್ಲ ಕೋಣೆಗಳೂ ಒಂದೇ ಯೂನಿಟ್ ಕಡತದಲ್ಲಿರುತ್ತವೆ, ಪ್ರತಿಯೊಂದರ ಮೇಲೂ ಅದರ ಮಹಡಿಯ ಐಡಿ ಬರೆದಿರುತ್ತದೆ. ಮಹಡಿಗೊಂದರಂತೆ ಲೇಯರ್ ಮಾಡಿದರೆ ಹದಿನೇಳು ಮಹಡಿ, ಆರು ಬಗೆಯ ವಸ್ತು, 102 ಲೇಯರು. ದತ್ತಾಂಶದ ಕೋಷ್ಟಕಕ್ಕೆ ಕಾಲಮ್ ಒಂದನ್ನು ಸೇರಿಸಬೇಕಾದರೆ ಹದಿನೇಳು ಕಡೆ ಸೇರಿಸಬೇಕು. ಎಲ್ಲೋ ಒಂದು ಕಡೆ ಬಿಟ್ಟುಹೋಗುವುದು ಖಚಿತ. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ, ಎಲ್ಲ ಲೇಯರುಗಳನ್ನೂ ಹಿಡಿಸುವ ಜಿಯೋಪ್ಯಾಕೇಜ್ ಕಡತ ಒಂದೇ ಇಟ್ಟುಕೊಂಡು, ಮಹಡಿಯ ಐಡಿ ಮೇಲೆ ಫಿಲ್ಟರ್ ಹಾಕಿ ಕೆಲಸ ಮಾಡಿ.

ವೆನ್ಯೂ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ ಎರಡೂ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದವು. ಆಡಳಿತದ ಲೆಕ್ಕಕ್ಕೆ ಸಂಸ್ಥೆ ಒಂದೇ ಇರಬಹುದು, ಆದರೆ ನಕ್ಷೆಗೆ ನಡೆಯುವವರ ಲೆಕ್ಕವೇ ಸರಿ. ಸಾರ್ವಜನಿಕ ರಸ್ತೆಗೆ ಇಳಿಯದೆ ಹೋಗಲು ಬಂದರೆ ಒಂದು ವೆನ್ಯೂ, ಇಳಿಯಬೇಕಾದರೆ ಎರಡು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಂಥ ಕಡೆ ವಿಭಾಗಗಳು ಚದುರಿಕೊಂಡಿರುವುದರಿಂದ ಕಟ್ಟಡದ ಒಳಗಿಗಿಂತ ಕಟ್ಟಡಗಳ ನಡುವಿನ ಕಾಲುದಾರಿಯನ್ನು ಮೊದಲು ಬಿಡಿಸಬೇಕು. ಅಲ್ಲಿ ಒಳಗೆ ಹೊಕ್ಕ ಮೇಲೆ ತಪ್ಪಿಸಿಕೊಳ್ಳುವವರು ಕಡಿಮೆ.

ಇನ್ನು ಮಹಡಿಯ ವಿಷಯ. ಅತಿ ಹೆಚ್ಚು ನಕ್ಷೆಗಳು ಕೆಡುವುದು ಇಲ್ಲಿ.

ಒಂದು ಮಹಡಿಗೆ ಮೂರು ಗುರುತು ಬೇಕು, ಮೂರಕ್ಕೂ ಬೇರೆ ಬೇರೆ ಕಾಲಮ್ಮು. ಪೂರ್ತಿ ಹೆಸರು, ಉದಾಹರಣೆಗೆ 'ಬಿ ಬ್ಲಾಕ್ ನೆಲಮಹಡಿ'. ಚಿಕ್ಕ ಹೆಸರು, ಅಂದರೆ ಲಿಫ್ಟಿನ ಗುಂಡಿಯ ಮೇಲೆ ಏನಿದೆಯೋ ಅದೇ, ಒಂದಕ್ಷರವೂ ತಿದ್ದದೆ; ಗುಂಡಿಯ ಮೇಲೆ 'ಜಿ' ಇದ್ದು ನಕ್ಷೆ '0' ಎಂದರೆ ಲಿಫ್ಟಿನೊಳಗೆ ನಿಂತವರಿಗೆ ಏನು ಒತ್ತಬೇಕೋ ತಿಳಿಯದು. ಮೂರನೆಯದು ಆರ್ಡಿನಲ್ ಎಂಬ ಕ್ರಮಸಂಖ್ಯೆ. ಇದು ಪೂರ್ಣಾಂಕ, ಕೆಳಗಿನಿಂದ ಮೇಲಕ್ಕೆ ಏರುತ್ತದೆ, ನೆಲಮಟ್ಟಕ್ಕೆ ಸೊನ್ನೆ, ಕೆಳಗಿನವಕ್ಕೆ ಋಣ ಸಂಖ್ಯೆ. ಇದನ್ನು ಜನರಿಗೆ ತೋರಿಸಬಾರದು, ಇದು ಯಂತ್ರಕ್ಕೆ. ಪರದೆಯ ಮೇಲೆ ಒಟ್ಟಿಗೆ ಕಾಣುವುದು ಒಂದೇ ಕ್ರಮಸಂಖ್ಯೆ ಇರುವ ಎಲ್ಲ ಕಟ್ಟಡಗಳ ಮಹಡಿಗಳು.

ನಮ್ಮ ಆವರಣದಲ್ಲಿ ಎ ಬ್ಲಾಕು ಮೇಲಿನ ರಸ್ತೆಗಿದೆ, ಬಿ ಬ್ಲಾಕು ಇಳಿಜಾರಿನ ಕೆಳಗಿದೆ. ಬಿ ಬ್ಲಾಕಿನ ನೆಲ ಎ ಬ್ಲಾಕಿನ ನೆಲಕ್ಕಿಂತ 3.6 ಮೀಟರ್ ತಗ್ಗು. ಆದ್ದರಿಂದ ಎ ಬ್ಲಾಕಿನ ನೆಲಮಹಡಿಯಿಂದ ಸೇತುವೆ ಕಾರಿಡಾರಿನಲ್ಲಿ ನೇರ ನಡೆದರೆ ಬಿ ಬ್ಲಾಕಿನ ಒಂದನೇ ಮಹಡಿಯಲ್ಲಿರುತ್ತೀರಿ. ಎರಡೂ ಕಟ್ಟಡದ ನೆಲಮಹಡಿಗೆ ಸೊನ್ನೆ ಕೊಟ್ಟಿರೋ, ಸೇತುವೆಯ ಒಂದು ತುದಿ ಸೊನ್ನೆಯಲ್ಲಿ, ಇನ್ನೊಂದು ತುದಿ ಒಂದರಲ್ಲಿ. ಪರದೆಯ ಮೇಲೆ ಅರ್ಧ ಸೇತುವೆ ಮಾತ್ರ ಕಾಣುತ್ತದೆ, ದಾರಿ ತೋರಿಸುವ ತಂತ್ರಾಂಶವೋ ಇಲ್ಲದ ಮೆಟ್ಟಿಲನ್ನು ಹುಡುಕುತ್ತದೆ. ನಾವು ಪಾಲಿಸುವ ನಿಯಮ ಇದು: ಮೆಟ್ಟಿಲು, ಲಿಫ್ಟು ಇಲ್ಲದೆ ಒಳಗೊಳಗೇ ಸಮತಟ್ಟಾಗಿ ನಡೆದು ಹೋಗಬಹುದಾದ ಜಾಗಗಳಿಗೆಲ್ಲ ಒಂದೇ ಕ್ರಮಸಂಖ್ಯೆ. ಹಾಗಾಗಿ ಬಿ ಬ್ಲಾಕಿನ ಒಂದನೇ ಮಹಡಿ ಸೊನ್ನೆಯಾಗುತ್ತದೆ, ಅದರ ನೆಲಮಹಡಿ ಋಣ ಒಂದು. ಗುಂಡಿಯ ಮೇಲಿನ 'ಜಿ', '1' ಚಿಕ್ಕ ಹೆಸರಿನ ಕಾಲಮ್ಮಿನಲ್ಲಿ ಹಾಗೇ ಇರುತ್ತವೆ.

ಇದರಿಂದ ಒಂದು ತೊಂದರೆ ಬರುತ್ತದೆ, ಅದಕ್ಕೂ ಸಿದ್ಧವಿರಬೇಕು. ಕೆಳಗಿನ ಗೇಟಿನಿಂದ ಬಂದವರು ನಕ್ಷೆ ತೆರೆದಾಗ ಅದು ಸೊನ್ನೆಯಲ್ಲೇ ತೆರೆದುಕೊಳ್ಳುತ್ತದೆ. ಅವರು ನಿಂತಿರುವುದು ಋಣ ಒಂದರಲ್ಲಿ. ಕೆಳಗಿನ ಅಂಗಳವನ್ನು ಹೊರಾಂಗಣ ಲೆವೆಲ್ ಎಂದು ಗುರುತಿಸಿ ಅದಕ್ಕೂ ಋಣ ಒಂದನ್ನೇ ಕೊಡಿ, ಮೇಲಿನ ಅಂಗಳಕ್ಕೆ ಸೊನ್ನೆ. ಎರಡರ ನಡುವಿನ ಇಳಿಜಾರು ರಸ್ತೆಯನ್ನು ರ‍್ಯಾಂಪ್ ಎಂದು ಕೊಂಡಿ ಹಾಕಿ. ಕೆಳಗಿನ ಗೇಟಿನ ಕ್ಯೂಆರ್ ಕೋಡು ಋಣ ಒಂದನ್ನೇ ತೆರೆಯಲಿ.

ಸಿ ಬ್ಲಾಕಿನ ನೆಲ 1.8 ಮೀಟರ್ ಎತ್ತರದಲ್ಲಿದೆ, ಅರ್ಧ ಮಹಡಿ. ಐಎಂಡಿಎಫ್‌ನಲ್ಲಿ ಅರ್ಧ ಸಂಖ್ಯೆ ಇಲ್ಲ. ಹೆಚ್ಚು ಜನ ಯಾವ ಕಡೆಯಿಂದ ಬರುತ್ತಾರೋ ಆ ಕಡೆಯ ಕ್ರಮಸಂಖ್ಯೆ ಕೊಟ್ಟು, ಮಧ್ಯದ ಇಳಿಜಾರನ್ನು ರ‍್ಯಾಂಪ್ ಯೂನಿಟ್ಟಾಗಿ ಬಿಡಿಸುವುದೇ ಪರಿಹಾರ. ನಿಜವಾದ ಎತ್ತರವನ್ನು ಮೀಟರಿನಲ್ಲಿ ಪ್ರತ್ಯೇಕ ಕಾಲಮ್ಮಿನಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ. ಮೆಜನೈನ್, ಅಂದರೆ ಎರಡು ಮಹಡಿಗಳ ನಡುವಿನ ಅರೆಮಹಡಿ, ಇದ್ದರೆ ಅದಕ್ಕೂ ಸ್ವಂತ ಪೂರ್ಣಾಂಕ ಬೇಕು. ಎ ಬ್ಲಾಕಿನಲ್ಲಿ ನೆಲಮಹಡಿಗೂ ಒಂದನೇ ಮಹಡಿಗೂ ನಡುವೆ ಮೆಜನೈನ್ ಸಿಕ್ಕಿದರೆ ಅದು 1, ಅದರ ಮೇಲಿನದೆಲ್ಲ ಒಂದೊಂದು ಮೇಲಕ್ಕೆ. ಜೋಡಿಸಿಕೊಂಡ ಬೇರೆ ಬ್ಲಾಕುಗಳೂ ಒಂದು ಸಂಖ್ಯೆ ಹಾರಿಸಬೇಕು. 1 ತೆರೆದಾಗ ಆ ಬ್ಲಾಕುಗಳು ಖಾಲಿ ಕಾಣುತ್ತವೆ, ಅದು ಸರಿಯೇ. ಆದರೆ ಎಲ್ಲ ಬಿಡಿಸಿ ಮುಗಿದ ಮೇಲೆ ಮೆಜನೈನ್ ಸಿಕ್ಕರೆ ಕೆಲಸ ಎರಡಾಗುತ್ತದೆ.

ಆದ್ದರಿಂದ ಕಂಪ್ಯೂಟರ್ ತೆರೆಯುವ ಮೊದಲು ಒಂದು ಹಾಳೆಯ ಮೇಲೆ ಇಡೀ ಆವರಣದ ಅಡ್ಡಸೀಳು ಚಿತ್ರ ಬರೆದುಕೊಳ್ಳಿ. ಎತ್ತರ ತಿಳಿಯಲು ಉಪಕರಣ ಬೇಡ, ಮೆಟ್ಟಿಲು ಎಣಿಸಿದರೆ ಸಾಕು. ಒಂದು ಮೆಟ್ಟಿಲಿನ ಎತ್ತರ 150 ಮಿಲಿಮೀಟರ್ ಇದ್ದು 24 ಮೆಟ್ಟಿಲಿದ್ದರೆ 3.6 ಮೀಟರ್. ಮೊದಲ ಮತ್ತು ಕೊನೆಯ ಮೆಟ್ಟಿಲು ಹೆಚ್ಚುಕಡಿಮೆ ಇರುತ್ತವೆ, ಮಧ್ಯದ್ದನ್ನು ಅಳೆಯಿರಿ.

ಪ್ಲ್ಯಾನನ್ನು ಭೂಮಿಯ ಮೇಲಿನ ನಿಜವಾದ ಜಾಗಕ್ಕೆ ಕೂರಿಸುವ ಕೆಲಸಕ್ಕೆ ಬರೋಣ. ಕಚೇರಿಯಲ್ಲಿ ಸಿಗುವುದು ಮಂಜೂರಾತಿಯ ಪ್ಲ್ಯಾನು. ಕಟ್ಟಿದ್ದು ಬೇರೆ ಇರುತ್ತದೆ. ಅದು ಸ್ಕ್ಯಾನ್ ಆಗಿದ್ದರೆ ಕ್ಯೂಜಿಐಎಸ್‌ನ ಜಿಯೋರೆಫರೆನ್ಸರ್‌ನಲ್ಲಿ ಕಟ್ಟಡದ ಮೂಲೆಗಳಿಗೆ ಹರಡಿದಂತೆ ಕನಿಷ್ಠ ನಾಲ್ಕು, ಸಾಧ್ಯವಾದರೆ ಆರು ಬಿಂದು ಕೊಡಿ. ವಿಧಾನ ಹೆಲ್ಮರ್ಟ್ ಇರಲಿ. ಅದು ಪ್ಲ್ಯಾನನ್ನು ಸರಿಸುತ್ತದೆ, ತಿರುಗಿಸುತ್ತದೆ, ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ, ಆಕಾರ ಕೆಡಿಸುವುದಿಲ್ಲ. ಥಿನ್ ಪ್ಲೇಟ್ ಸ್ಪ್ಲೈನ್ ಆರಿಸಿದರೆ ದೋಷ ಸೊನ್ನೆ ಎಂದು ತೋರಿಸುತ್ತದೆ, ಏಕೆಂದರೆ ಅದು ನೀವು ಕೊಟ್ಟ ಬಿಂದುಗಳಿಗೆ ಸರಿಹೊಂದುವಂತೆ ಪ್ಲ್ಯಾನನ್ನೇ ಎಳೆದು ಸೊಟ್ಟ ಮಾಡುತ್ತದೆ. ಹೆಲ್ಮರ್ಟ್‌ನಲ್ಲಿ ಒಂದು ಮೂಲೆಯ ದೋಷ ಮಾತ್ರ ಅರ್ಧ ಮೀಟರ್ ದಾಟಿದರೆ ಆ ಮೂಲೆಯಲ್ಲಿ ಕಟ್ಟಿದ್ದು ಪ್ಲ್ಯಾನಿನಂತಿಲ್ಲ ಎಂದರ್ಥ. ಟೇಪು ಹಿಡಿದು ಅಲ್ಲಿಗೆ ಹೋಗಿ. ಕ್ಯಾಡ್ ಕಡತವನ್ನು, ಅಂದರೆ ಕಂಪ್ಯೂಟರಿನಲ್ಲೇ ಬಿಡಿಸಿದ ನಕ್ಷೆಯನ್ನು, ಪ್ಲ್ಯಾನಿನ ಮೇಲೆ ಕೂರಿಸುವಾಗ ಹಿಗ್ಗು-ಕುಗ್ಗಿನ ಪ್ರಮಾಣ 0.3048ರಷ್ಟು ಬಂದರೆ ಅಡಿಗೂ ಮೀಟರಿಗೂ ಕಲಸುಮೇಲೋಗರವಾಗಿದೆ.

ಉಪಗ್ರಹ ಚಿತ್ರದಲ್ಲಿ ತಾರಸಿಯ ಮೂಲೆ ಹಿಡಿಯಬೇಡಿ. ಚಿತ್ರ ತೆಗೆದ ಕೋನ 20 ಡಿಗ್ರಿ ಓರೆಯಿದ್ದರೆ 12 ಮೀಟರ್ ಎತ್ತರದ ತಾರಸಿ ನೆಲದಿಂದ ನಾಲ್ಕು ಮೀಟರಿಗೂ ಹೆಚ್ಚು ಸರಿದು ಕಾಣುತ್ತದೆ, ಗೋಡೆಯಿಂದಾಚೆ ಚಾಚಿದ ಸಜ್ಜೆಯ ಅಗಲ ಬೇರೆ. ಗೋಡೆ ನೆಲಕ್ಕೆ ತಾಗುವ ಜಾಗವೇ ಬಿಂದು. ಭೂಮಿಗೆ ಕೂರಿಸುವುದು ನೆಲಮಹಡಿಯನ್ನು ಮಾತ್ರ. ಮೇಲಿನ ಮಹಡಿಗಳನ್ನು ನೆಲಮಹಡಿಗೆ ಕೂರಿಸಿ, ಲಿಫ್ಟು ಓಡಾಡುವ ಬಾವಿ, ಮೆಟ್ಟಿಲ ಬಾವಿ, ಕಂಬಗಳನ್ನು ಬಿಂದುವಾಗಿ ಹಿಡಿದು. ಇವು ಮೇಲಿಂದ ಕೆಳಗಿನವರೆಗೆ ಒಂದೇ ನೇರಕ್ಕಿರುತ್ತವೆ. ಪ್ರತಿ ಮಹಡಿಯನ್ನೂ ಬೇರೆಯಾಗಿ ಭೂಮಿಗೆ ಕೂರಿಸಿದರೆ ಲಿಫ್ಟು ಮಹಡಿಯಿಂದ ಮಹಡಿಗೆ ಓಲಾಡುತ್ತದೆ.

ಬಿಡಿಸುವಾಗ ನಿರ್ದೇಶಾಂಕ ವ್ಯವಸ್ಥೆ ಯುಟಿಎಂ 43 ಉತ್ತರ ವಲಯ ಇರಲಿ, ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 32643. ಮೈಸೂರು, ಮಂಡ್ಯ ಎರಡೂ ಅದರಲ್ಲೇ ಬರುತ್ತವೆ, ಅಳತೆ ಮೀಟರಿನಲ್ಲಿ ಸಿಗುತ್ತದೆ. ಕೊನೆಗೆ ಜಿಯೋಜೇಸನ್‌ಗೆ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84, ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ: 76.6, 12.3. ಅದಲುಬದಲಾದರೆ ನಿಮ್ಮ ಆಸ್ಪತ್ರೆ ಸ್ವಾಲ್ಬಾರ್ಡ್ ಹತ್ತಿರದ ಹಿಮಸಮುದ್ರದಲ್ಲಿರುತ್ತದೆ. ತಪ್ಪು ಅಷ್ಟು ದೂರ ಹೋಗುವುದು ಒಳ್ಳೆಯದೇ, ಬೇಗ ಕಣ್ಣಿಗೆ ಬೀಳುತ್ತದೆ.

ಪ್ಲ್ಯಾನು ಇಲ್ಲದ ಕಟ್ಟಡಕ್ಕೆ ಲೇಸರ್ ಅಳತೆ ಯಂತ್ರ ಹಿಡಿದು ಇಬ್ಬರು ಹೋಗಬೇಕು, ಒಬ್ಬರು ಅಳೆಯಲು, ಒಬ್ಬರು ಬರೆಯಲು. ಕೋಣೆಗಳ ಜತೆ ಕಾರಿಡಾರಿನ ಪೂರ್ತಿ ಉದ್ದವನ್ನೂ ಒಂದೇ ಸಲಕ್ಕೆ ಅಳೆಯಿರಿ, ಅದೇ ತಾಳೆ ನೋಡುವ ದಾರಿ. ಸಾಲಿನಲ್ಲಿ ಎಂಟು ಕೋಣೆ, ಒಳ ಅಳತೆ ತಲಾ 5.05 ಮೀಟರ್: 40.40. ನಡುವೆ ಏಳು ಒಂಬತ್ತಿಂಚಿನ ಗೋಡೆ, ತಲಾ 0.23: 1.61. ಒಟ್ಟು 42.01. ಕಾರಿಡಾರು 42.60 ಬಂದಿದೆ. 59 ಸೆಂಟಿಮೀಟರ್ ಎಲ್ಲಿ ಹೋಯಿತು? ಸಾಮಾನ್ಯವಾಗಿ ಎರಡು ಕೋಣೆಗಳ ನಡುವೆ ಒಂದು ಪೈಪ್ ಡಕ್ಟ್ ಸಿಗುತ್ತದೆ: ಇನ್ನೊಂದು ಗೋಡೆ 23, ಒಳಗಿನ ಟೊಳ್ಳು 36. ಅದನ್ನು ಬಿಟ್ಟರೆ ಆಮೇಲಿನ ಕೋಣೆಗಳೆಲ್ಲ ಅರ್ಧ ಮೀಟರ್ ಜರುಗಿ, ಬಾಗಿಲುಗಳು ಗೋಡೆಗೆ ಬರುತ್ತವೆ.

ಬಾಗಿಲ ವಿಷಯ ಹೇಳಲೇಬೇಕು. ಕೋಣೆಯ ಗೆರೆಯನ್ನು ಗೋಡೆಯ ಮಧ್ಯಕ್ಕೆ ಎಳೆಯಿರಿ, ಅಕ್ಕಪಕ್ಕದ ಎರಡು ಕೋಣೆಗೂ ಒಂದೇ ಗೆರೆ ಇರಲಿ. ಓಪನಿಂಗ್ ಆ ಗೆರೆಯ ಮೇಲೇ, ಬಾಗಿಲಿನ ಅಗಲದಷ್ಟು ಕೂರಬೇಕು. ಒಳಮೈ ಹಿಡಿದು ಬಿಡಿಸಿದರೆ ನಡುವೆ ಗೋಡೆಯಷ್ಟು ಸಂದು ಉಳಿದು ಬಾಗಿಲು ಯಾವ ಕೋಣೆಗೂ ಸೇರುವುದಿಲ್ಲ. ಸ್ನ್ಯಾಪಿಂಗ್ (ಗೆರೆಯ ತುದಿ ಪಕ್ಕದ ಗೆರೆಗೆ ತಾನಾಗಿ ಅಂಟಿಕೊಳ್ಳುವ ಸೌಲಭ್ಯ) ಹಾಕದೆ ಬಿಡಿಸಿದರೂ ಇದೇ ಗತಿ: ಕಣ್ಣಿಗೆ ಕೂಡಿದಂತೆ ಕಾಣುತ್ತದೆ, ಎರಡು ಸೆಂಟಿಮೀಟರ್ ಬಿರುಕಿರುತ್ತದೆ, ದಾರಿ ಅಲ್ಲಿಗೆ ನಿಲ್ಲುತ್ತದೆ. ಕಡತ ಚಿಕ್ಕದಾಗಲಿ ಎಂದು ರೇಖಾಂಶ, ಅಕ್ಷಾಂಶದ ದಶಮಾಂಶ ಸ್ಥಾನ ಕತ್ತರಿಸುವವರೂ ಇದ್ದಾರೆ. ಏಳು ಸ್ಥಾನ ಉಳಿಸಿದರೆ ಸುಮಾರು ಒಂದು ಸೆಂಟಿಮೀಟರಿನ ನಿಖರತೆ, ಆರಕ್ಕೆ 11, ಐದಕ್ಕೆ ಒಂದು ಮೀಟರಿಗೂ ಹೆಚ್ಚು. ಐದಕ್ಕೆ ಇಳಿಸಿದರೆ ಬಾಗಿಲೇ ಮಾಯ. ಏಳು ಇರಲಿ.

ಲಿಫ್ಟನ್ನು ಪ್ರತಿ ಮಹಡಿಯಲ್ಲೂ ಒಂದೊಂದು ಯೂನಿಟ್ಟಾಗಿ ಇಟ್ಟು ರಿಲೇಷನ್‌ಶಿಪ್‌ನಿಂದ ಕೊಂಡಿ ಹಾಕುತ್ತೇವೆ. ಅದು ನಿಲ್ಲದ ಮಹಡಿಗೆ ಕೊಂಡಿ ಬೇಡ. ಕೆಲವು ಲಿಫ್ಟಿಗೆ ಎರಡು ಬದಿಗೂ ಬಾಗಿಲಿರುತ್ತದೆ. ನೆಲಮಹಡಿಯಲ್ಲಿ ಮುಂದೆ, ಮೇಲೆ ಹಿಂದೆ. ಎರಡನ್ನೂ ಬಿಡಿಸದಿದ್ದರೆ ನಕ್ಷೆ ಜನರನ್ನು ಗೋಡೆ ಕಡೆ ಕಳಿಸುತ್ತದೆ. ಸ್ಟ್ರೆಚರ್ ಹಿಡಿಯುವ ಲಿಫ್ಟು ಯಾವುದು ಎಂಬುದೂ ಗುರುತಾಗಿರಬೇಕು. ರ‍್ಯಾಂಪಿನ ಉದ್ದವನ್ನು ಪ್ಲ್ಯಾನಿನಲ್ಲಿ ನೋಡಿ ಅಂದಾಜು ಮಾಡಬಾರದು. 1:12 ಇಳಿಜಾರಿನಲ್ಲಿ 3.6 ಮೀಟರ್ ಏರಲು 43.2 ಮೀಟರ್ ನಡೆಯಬೇಕು. ಒಂಬತ್ತು ಮೀಟರಿಗೊಂದು 1.5 ಮೀಟರಿನ ತಂಗುಕಟ್ಟೆ ಸೇರಿದರೆ ಸುಮಾರು 49. ಗಾಲಿಕುರ್ಚಿ ತಳ್ಳುವವರಿಗೆ ಅದು ಮಹಡಿ ಬದಲಾವಣೆಯಲ್ಲ, ಒಂದು ಪ್ರಯಾಣ. ತಂತ್ರಾಂಶ ಅದನ್ನು ಮೆಟ್ಟಿಲಿನಷ್ಟೇ ಎಂದು ಲೆಕ್ಕ ಹಾಕಿದರೆ ಹತ್ತಿರದ ಲಿಫ್ಟು ಬಿಟ್ಟು ರ‍್ಯಾಂಪಿಗೆ ಕಳಿಸುತ್ತದೆ.

ಜಾಗ ಬೇರೆ, ಅದರಲ್ಲಿರುವ ವಿಭಾಗ ಬೇರೆ. ಯೂನಿಟ್‌ಗೆ ಜಾಗದ ಗುರುತು ಮಾತ್ರ ಇರಲಿ. 'ಮೂಳೆ ರೋಗಗಳ ಹೊರರೋಗಿ ವಿಭಾಗ' ಎಂಬುದು ಆಕ್ಯುಪೆಂಟ್. ಆ್ಯಂಕರ್ ಎಂಬ ಬಿಂದುವಿನ ಮೂಲಕ ಅದು ಕೋಣೆಗೆ ಅಂಟಿಕೊಂಡಿರುತ್ತದೆ. ವಿಭಾಗ ಬಿ ಬ್ಲಾಕಿನಿಂದ ಡಿ ಬ್ಲಾಕಿಗೆ ಹೋದರೆ ಒಂದು ಸಾಲು ತಿದ್ದಿದರೆ ಮುಗಿಯಿತು, ಗೆರೆ ಮುಟ್ಟಬೇಕಾಗಿಲ್ಲ. ಕೆಲಸದ ವೇಳೆಯೂ ಆಕ್ಯುಪೆಂಟ್ ಮೇಲೇ. ಒಮ್ಮೆ ಕೊಟ್ಟ ಐಡಿಯನ್ನು ಕೋಣೆ ಒಡೆದುಹಾಕಿದರೂ ಇನ್ನೊಂದಕ್ಕೆ ಕೊಡಬೇಡಿ. ಹಳೆಯ ಕ್ಯೂಆರ್ ಹಾಳೆ ಯಾವುದೋ ಗೋಡೆಯ ಮೇಲೆ ಉಳಿದೇ ಇರುತ್ತದೆ.

ಹೆಸರುಗಳು ಕನ್ನಡದಲ್ಲಿ ಮೊದಲು. ಐಎಂಡಿಎಫ್ ಪ್ರತಿ ಹೆಸರನ್ನೂ ಭಾಷಾ ಸಂಕೇತದೊಂದಿಗೆ ಇಡಲು ಬಿಡುತ್ತದೆ. ಬೋರ್ಡಿನ ಮೇಲೆ 'ಕ್ಷ-ಕಿರಣ ವಿಭಾಗ' ಎಂದಿದ್ದರೂ ಹುಡುಕುವವರು ಬರೆಯುವುದು ಎಕ್ಸ್‌ರೇ, ಎಕ್ಸರೆ, ಎಕ್ಸ್ ರೇ. ಎಲ್ಲವೂ ಪರ್ಯಾಯ ಹೆಸರಾಗಿ ಒಳಗಿರಬೇಕು. ಹಳೆಯ ಕ್ಯಾಡ್ ಕಡತಗಳಲ್ಲಿ ಕನ್ನಡವನ್ನು ನುಡಿ ಅಥವಾ ಬರಹದ ಹಳೆ ಫಾಂಟಿನಲ್ಲಿ ಟೈಪು ಮಾಡಿರುತ್ತಾರೆ. ಯೂನಿಕೋಡಿಗೆ ಪರಿವರ್ತಿಸದೆ ತಂದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಇನ್ನೊಂದು ತಾಪತ್ರಯ ತೋರಿಸುವಾಗಿನದು. ಕೆಲವು ವೆಬ್ ನಕ್ಷೆ ಲೈಬ್ರರಿಗಳು ಅಕ್ಷರಗಳನ್ನು ಒಂದೊಂದಾಗಿ ಪಕ್ಕಪಕ್ಕ ಇಡುತ್ತವೆ, ಒತ್ತಕ್ಷರ ಕೆಳಗಿಳಿಯುವುದೇ ಇಲ್ಲ. 'ಶಸ್ತ್ರಚಿಕಿತ್ಸೆ', 'ಸ್ತ್ರೀರೋಗ' ಎಂದು ಬರೆದು ನೋಡಿದರೆ ಕ್ಷಣದಲ್ಲಿ ತಿಳಿಯುತ್ತದೆ. ಕೆಟ್ಟರೆ ಹೆಸರನ್ನು ನಕ್ಷೆಯೊಳಗೆ ಬರೆಸದೆ, ಮೇಲೆ ಎಚ್‌ಟಿಎಂಎಲ್ ಪಟ್ಟಿಯಾಗಿ ಕೂರಿಸಿ.

ಬಿಡುಗಡೆಗೆ ಮುನ್ನ ನಾಲ್ಕು ತಪಾಸಣೆ ಯಂತ್ರದಿಂದಲೇ ಆಗಲಿ: ಒಂದೇ ಮಹಡಿಯ ಎರಡು ಯೂನಿಟ್ಟು ಒಂದರ ಮೇಲೊಂದು ಬಿದ್ದಿವೆಯೇ, ಪ್ರತಿ ಬಾಗಿಲೂ ಎರಡು ಯೂನಿಟ್ಟಿಗೆ ಅಥವಾ ಒಂದು ಯೂನಿಟ್ಟು ಮತ್ತು ಹೊರಗಿಗೆ ತಾಗಿದೆಯೇ, ಉಲ್ಲೇಖಿಸಿದ ಪ್ರತಿ ಐಡಿಯ ವಸ್ತುವೂ ನಿಜವಾಗಿ ಕಡತದಲ್ಲಿದೆಯೇ, ಮುಖ್ಯ ಗೇಟಿನಿಂದ ಪ್ರತಿ ಸಾರ್ವಜನಿಕ ಕೋಣೆಗೂ ದಾರಿ ಇದೆಯೇ. ಕೊನೆಯದನ್ನು ಮೆಟ್ಟಿಲು ತೆಗೆದುಹಾಕಿ ಇನ್ನೊಮ್ಮೆ ಓಡಿಸಿ. ಗಾಲಿಕುರ್ಚಿಗೆ ತಲುಪದ ಕೋಣೆಗಳ ಪಟ್ಟಿ ತಾನಾಗಿ ಸಿಗುತ್ತದೆ. ಔಷಧ ದಾಸ್ತಾನು, ಸರ್ವರ್ ಕೋಣೆಯಂಥವನ್ನು ಸಾರ್ವಜನಿಕ ಪ್ರತಿಯಲ್ಲಿ ಹೆಸರಿಲ್ಲದ, ಪ್ರವೇಶವಿಲ್ಲದ ಯೂನಿಟ್ಟಾಗಿ ಮಾತ್ರ ಬಿಡಿ.

ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರು ಇಲ್ಲಿವೆ.

ನಾನಿರುವ ಮಹಡಿಯನ್ನು ಫೋನು ತಾನಾಗಿ ಹೇಳುವುದಿಲ್ಲವೇ? ಜಿಪಿಎಸ್ ಕಾಂಕ್ರೀಟಿನೊಳಗೆ ನೆಚ್ಚುವಂತಿಲ್ಲ. ಫೋನಿನ ವಾಯುಭಾರ ಮಾಪಕದಿಂದ ಮಹಡಿ ಬದಲಾದದ್ದು ಗೊತ್ತಾಗುತ್ತದೆ: ಮೈಸೂರಿನ ಎತ್ತರದಲ್ಲಿ ವಾಯುಭಾರದ ಒಂದು ಹೆಕ್ಟೋಪ್ಯಾಸ್ಕಲ್ ಬದಲಾವಣೆಗೆ ಒಂಬತ್ತು ಮೀಟರಿಗೂ ತುಸು ಹೆಚ್ಚು ಎತ್ತರ, ಮಹಡಿಗೆ ಸುಮಾರು 0.4. ಆದರೆ ನಮ್ಮ ಉಷ್ಣವಲಯದಲ್ಲಿ ವಾಯುಭಾರ ದಿನದೊಳಗೇ ಮೂರು ಹೆಕ್ಟೋಪ್ಯಾಸ್ಕಲ್‌ನಷ್ಟು ಏರಿಳಿಯುತ್ತದೆ, ಅದು ಏಳೆಂಟು ಮಹಡಿಗೆ ಸಮ. ಹಾಗಾಗಿ ಬೆಳಗಿನ ಓದನ್ನು ಮಧ್ಯಾಹ್ನಕ್ಕೆ ನಂಬುವಂತಿಲ್ಲ. ಬೀಕನ್ (ಫೋನಿಗೆ ಜಾಗ ತಿಳಿಸುವ ಪುಟ್ಟ ಬ್ಲೂಟೂತ್ ಸಾಧನ), ವೈಫೈ ವ್ಯವಸ್ಥೆಗೆ ಹಣ ಬೇಕು, ಬ್ಯಾಟರಿ ಬದಲಿಸುವವರು ಬೇಕು. ಪ್ರತಿ ಲಿಫ್ಟಿನ ಎದುರು, ಪ್ರತಿ ಮೆಟ್ಟಿಲ ತಲೆಯಲ್ಲಿ ಒಂದು ಕ್ಯೂಆರ್ ಹಾಳೆ ಅಂಟಿಸಿ. ಅದರ ಕೊಂಡಿಯಲ್ಲಿ ಮಹಡಿಯ ಐಡಿ ಮತ್ತು ಬಿಂದು ಎರಡೂ ಇರಲಿ.

ತಿದ್ದುವ ಹೊಣೆ ಯಾರದು? ಕೋಣೆಗೆ ಬೋರ್ಡು ಬರೆಸುವವರದೇ. ಬೋರ್ಡು ಬದಲಿಸುವ ಆದೇಶದ ಪ್ರತಿ ನಕ್ಷೆ ನೋಡಿಕೊಳ್ಳುವವರಿಗೆ ಹೋಗುವ ಏರ್ಪಾಡು ಇಲ್ಲದಿದ್ದರೆ ಬೇರೆ ಯಾವ ತಂತ್ರವೂ ಉಪಯೋಗಕ್ಕೆ ಬಾರದು.

ದಸರಾ ವಸ್ತುಪ್ರದರ್ಶನದಂಥ ತಾತ್ಕಾಲಿಕ ಜಾಗಕ್ಕೂ ಇದೇ ರಚನೆಯೇ? ಹೌದು, ಇನ್ನೂ ಸುಲಭ. ಮೈದಾನ ಒಂದು ಹೊರಾಂಗಣ ಲೆವೆಲ್, ಸಾಲುಗಳು ಸೆಕ್ಷನ್, ಮಳಿಗೆಗಳು ಕಿಯಾಸ್ಕ್. ಮಳಿಗೆಯವರು ಆಕ್ಯುಪೆಂಟ್, ಅವರಿಗೆ ಆರಂಭ ಮತ್ತು ಮುಕ್ತಾಯದ ದಿನಾಂಕ ಹಾಕಿಡಿ. ದಿನಾಂಕ ಮುಗಿದವರನ್ನು ಅಳಿಸಬೇಡಿ, ತೋರಿಸಬೇಡಿ ಅಷ್ಟೇ. ಮುಂದಿನ ವರ್ಷ ಅದೇ ಮಳಿಗೆ ಅದೇ ಜಾಗಕ್ಕೆ ಬಂದರೆ ಹೊಸ ದಿನಾಂಕ ಹಾಕಿದರೆ ಸಾಕು.